ಎಚ್‌ಡಿವಿ ಕ್ಲಿಪ್ ರಿಸಾಲ್ವ್‌ಗೆ ಹೋದರೆ ಜನ ಸಣ್ಣಗಾಗುತ್ತಾರೆ, ಅನುಭವ ಇದ್ದವರು ಹೇಳಿ

ಹೊಸ ಎಡಿಟರ್: ಒಂದೇ ಮನೆಯ ಹಳೆ ಮದುವೆ ಕ್ಯಾಸೆಟ್‌ಗಳು ಬಂದಿವೆ, ಕೆಲವು ಮಿನಿ ಡಿವಿ (ಸಾಮಾನ್ಯ ಚಿತ್ರ), ಕೆಲವು ಎಚ್‌ಡಿವಿ (ಅದೇ ಥರದ ಕ್ಯಾಸೆಟ್‌ನಲ್ಲಿ ಅಗಲವಾದ ಎಚ್‌ಡಿ ಚಿತ್ರ). ಎಡಿಯಸ್ ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲಿ ಕಟ್ ಮಾಡಿ, ಎಎಎಫ್ (ಕಟ್‌ಗಳ ವಿವರ ಒಯ್ಯುವ ಫೈಲ್) ತೆಗೆದು, ಬಣ್ಣ ಸರಿಮಾಡುವ ಸಾಫ್ಟ್‌ವೇರ್ ರಿಸಾಲ್ವ್‌ಗೆ ಒಯ್ದರೆ ಎಚ್‌ಡಿವಿ ಶಾಟ್‌ನಲ್ಲಿ ಎಲ್ಲರೂ ಕಡ್ಡಿ ಥರ ಕಾಣುತ್ತಾರೆ. ನೀವೆಲ್ಲ ಏನು ಮಾಡುತ್ತೀರಿ?

ಕ್ಯಾಸೆಟ್ ಕಿಟ್ಟಿ: ನಾನು ಕಟ್ಟಿಂಗ್‌ಗೆ ಕೂರುವ ಮೊದಲೇ ಎಲ್ಲವನ್ನೂ ಸ್ಕ್ವೇರ್ ಪಿಕ್ಸೆಲ್ (ಅಗಲ, ಎತ್ತರ ಸಮ ಇರುವ ಚುಕ್ಕೆ) ಮಾಡಿಬಿಡುತ್ತೇನೆ. ಈ ಕ್ಯಾಸೆಟ್‌ಗಳ ಪಿಕ್ಸೆಲ್‌ಗೆ ಅಗಲ ಜಾಸ್ತಿ, ಸಾಫ್ಟ್‌ವೇರ್ ಅದನ್ನು ಚೌಕ ಅಂದುಕೊಂಡರೆ ಜನ ಕಡ್ಡಿಯಾಗುತ್ತಾರೆ. ಎಚ್‌ಡಿವಿಯ 1440×1080 ಇದ್ದದ್ದು 1920×1080, ಮಿನಿ ಡಿವಿಯ ಪಾಲ್ (ನಮ್ಮ ಕಡೆಯ ಹಳೆ ಟಿವಿ ಪದ್ಧತಿ) 4:3, ಅಂದರೆ 720×576 ಇದ್ದದ್ದು 768×576. ಆಮೇಲೆ ಯಾವ ಸಾಫ್ಟ್‌ವೇರ್‌ಗೆ ಹಾಕಿದರೂ ತಕರಾರಿಲ್ಲ. ಆದರೆ ಜಾಗ! ಎಚ್‌ಡಿವಿ ಒಂದು ಗಂಟೆಗೆ ಹನ್ನೊಂದು ಜಿಬಿ ಚಿಲ್ಲರೆ, ಅದೇ ಎಡಿಟಿಂಗ್‌ಗೆ ಬಳಸುವ ಪ್ರೊರೆಸ್ 422 ಫೈಲ್ ಮಾಡಿದರೆ 55 ಜಿಬಿ. ಹೊಸ ಡಿಸ್ಕ್‌ಗೆ ಒಂಬತ್ತು ಸಾವಿರ ಕೈಯಿಂದ ಹೋಯಿತು. ಬಿಲ್‌ನಲ್ಲಿ ಸೇರಿಸಿದ್ದಕ್ಕೆ ಪಾರ್ಟಿ "ಕ್ಯಾಸೆಟ್ ಕಾಪಿ ಮಾಡೋಕೆ ಇಷ್ಟೊಂದಾ ಸಾರ್" ಅಂತ ಅರ್ಧ ಹೊಡೆದುಹಾಕಿದರು. ಆದರೂ ನನ್ನ ದಾರಿ ಇದೇ.

ಡ್ರೋನ್ ಹಾಸನ: ಇದಕ್ಕೆಲ್ಲ ಡಿಸ್ಕ್ ಯಾಕಣ್ಣ ಬೇಕು? ರಿಸಾಲ್ವ್‌ನ ಮೀಡಿಯಾ ಪೂಲ್‌ನಲ್ಲಿ ರೈಟ್ ಕ್ಲಿಕ್, ಕ್ಲಿಪ್ ಆಟ್ರಿಬ್ಯೂಟ್ಸ್, ಪಿಕ್ಸೆಲ್ ಆಸ್ಪೆಕ್ಟ್ ರೇಷಿಯೋ (ಪಿಕ್ಸೆಲ್‌ನ ಅಗಲ-ಎತ್ತರದ ಲೆಕ್ಕ). ಮುಗೀತು. ನನ್ನ ಸಂಕಟ ಬೇರೆ. ಒಬ್ಬ ಸ್ಟುಡಿಯೋ ಯಜಮಾನ ಡ್ರೋನ್‌ನಲ್ಲಿ 4096×2160 ತೆಗೆಸಿದ, ಉಳಿದ ಕ್ಯಾಮೆರಾ ಎಲ್ಲ 3840×2160. ಅವನ ಹುಡುಗ ಪ್ರೀಮಿಯರ್‌ನಲ್ಲಿ (ಅಡೋಬಿಯ ಎಡಿಟಿಂಗ್ ಸಾಫ್ಟ್‌ವೇರ್) ಫ್ರೇಮ್ ತುಂಬಲು ಕೈಯಲ್ಲಿ ಸ್ಕೇಲ್ ಕೊಟ್ಟಿದ್ದ. ಆ ಸ್ಕೇಲ್ ರಿಸಾಲ್ವ್‌ಗೆ ಬರಲಿಲ್ಲ, ಅಲ್ಲಿ ಇಡೀ ಚಿತ್ರ ಫಿಟ್ ಅಂತಿದ್ದದ್ದರಿಂದ ಮೇಲೆ ಕೆಳಗೆ ಸುಮಾರು 67 ಪಿಕ್ಸೆಲ್ ಕಪ್ಪು ಪಟ್ಟಿ ಉಳಿಯಿತು. ಲ್ಯಾಪ್‌ಟಾಪ್‌ನಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ, ರಿಸೆಪ್ಷನ್‌ನ ಎಲ್‌ಇಡಿ ಗೋಡೆ ಮೇಲೆ ಎದ್ದು ಕಂಡಿತು. ಬಾಕಿ ಆರು ಸಾವಿರ ಇವತ್ತಿಗೂ ಬಂದಿಲ್ಲ. ತಪ್ಪು ಅವನದು, ಬೈಗುಳ ನನಗೆ.

ಪಾಲ್ ಪಂಡಿತ: ಕಿಟ್ಟಿಯವರೇ, 768 ತಪ್ಪು. 720 ಪಿಕ್ಸೆಲ್ ಅಗಲದಲ್ಲಿ ನಿಜವಾದ 4:3 ಚಿತ್ರ ಇರುವುದು 702ರ ಆಸುಪಾಸಿನಲ್ಲಿ, ಅಂಚಿನದ್ದು ಲೆಕ್ಕಕ್ಕಿಲ್ಲ. ಹಾಗಾಗಿ ಪಿಕ್ಸೆಲ್ ಆಸ್ಪೆಕ್ಟ್ ರೇಷಿಯೋ 1.067 ಅಲ್ಲ, 1.094. ಅಗಲ 788 ಆಗುತ್ತದೆ. 2008ರಲ್ಲಿ ತಮ್ಮ ಸಾಫ್ಟ್‌ವೇರ್‌ಗಳ ಸಿಎಸ್4 ಆವೃತ್ತಿ ಬಂದಾಗಲೇ ಅಡೋಬಿಯವರು ಬದಲಾಯಿಸಿದರು. ಆಪಲ್‌ನ ಎಡಿಟಿಂಗ್ ಸಾಫ್ಟ್‌ವೇರ್ ಫೈನಲ್ ಕಟ್ 7 ಹಳೆ ಲೆಕ್ಕದಲ್ಲೇ ಇತ್ತು. ಎರಡರ ನಡುವೆ ಓಡಾಡಿದವರಿಗೆ ಆ ತಲೆನೋವು ಗೊತ್ತು.

ಕ್ಯಾಸೆಟ್ ಕಿಟ್ಟಿ: ಮದುವೆ ವಿಡಿಯೋದಲ್ಲಿ 20 ಪಿಕ್ಸೆಲ್ ಯಾರು ಸ್ವಾಮಿ ಅಳೆಯುತ್ತಾರೆ? ಹುಡುಗಿಯ ಅತ್ತೆನಾ?

ಪಾಲ್ ಪಂಡಿತ: ಅಳೆಯುವವರು ಇದ್ದಾರೆ. ಚಾನೆಲ್‌ಗೆ ಕೆಲಸ ಕೊಟ್ಟು ನೋಡಿ, ಲೋಗೋದ ದುಂಡು ಚೂರು ಮೊಟ್ಟೆಯಾದರೂ ವಾಪಸ್ ಕಳಿಸುತ್ತಾರೆ. ಗೊತ್ತಿಲ್ಲದಿದ್ದರೆ ಸುಮ್ನೆ ಇರಿ.

ಮೈಸೂರು ಮಿಕ್ಸಿಂಗ್: ಇಬ್ಬರೂ ಲೆಕ್ಕ ಬಿಡಿ, ಪಾರ್ಟಿಗೆ ಬೇಕಾಗಿರುವುದು ಟಿವಿ ತುಂಬಾ ಚಿತ್ರ. 4:3 ಅನ್ನು ಫುಲ್ ಎಚ್‌ಡಿಗೆ ಸರಿಯಾಗಿ ಕೂರಿಸಿದರೆ ಆಚೆ ಈಚೆ 240 ಪಿಕ್ಸೆಲ್ ಕಪ್ಪು. "ದುಡ್ಡು ಪೂರ್ತಿ ಕೊಟ್ಟಿದ್ದೀವಿ, ಚಿತ್ರ ಮಾತ್ರ ಅರ್ಧನಾ" ಅಂತ ಹುಡುಗನ ಚಿಕ್ಕಪ್ಪ ಅಂಗಡಿಗೇ ಬಂದು ಕೂತರು. ಸರಿ ಅಂತ ಝೂಮ್ ಮಾಡಿದೆ. ಎತ್ತರದಲ್ಲಿ ಕಾಲು ಭಾಗ ಹೋಗುತ್ತದೆ, ಗೊತ್ತಲ್ವಾ. ಮೇಲೆ ಬಾಸಿಂಗ ಹೋಯಿತು, ಕೆಳಗೆ ಧಾರೆ ಎರೆಯುವ ಕೈ ಹೋಯಿತು. ಆಮೇಲೆ ಒಂದೊಂದೇ ಶಾಟ್ ಮೇಲೆ ಕೆಳಗೆ ಸರಿಸುತ್ತಾ ರಾತ್ರಿಯೆಲ್ಲ ಕೂತೆ, ಅದಕ್ಕೆ ಒಂದು ರೂಪಾಯಿ ಜಾಸ್ತಿ ಕೊಡಲಿಲ್ಲ. ಈಗ ಪಕ್ಕದಲ್ಲಿ ಅದೇ ಚಿತ್ರವನ್ನು ಬ್ಲರ್ ಮಾಡಿ ಹಾಕುತ್ತೇನೆ.

ಡ್ರೋನ್ ಹಾಸನ: ಬ್ಲರ್ ನೋಡಿದರೆ ನನಗೆ ಮೈ ಉರಿಯುತ್ತದೆ. ಕಪ್ಪೇ ಮರ್ಯಾದೆ.

ಮೈಸೂರು ಮಿಕ್ಸಿಂಗ್: ಬಾಕಿ ಬರದವರು ಮರ್ಯಾದೆ ಬಗ್ಗೆ ಹೇಳಬೇಡಿ ಗುರು. ನನಗೆ ಪೂರ್ತಿ ಪೇಮೆಂಟ್ ಬಂದಿದೆ.

ಹೊಸ ಎಡಿಟರ್: ಅಣ್ಣಂದಿರಾ, ಕ್ಲಿಪ್ ಆಟ್ರಿಬ್ಯೂಟ್ಸ್‌ನಲ್ಲಿ ಎಚ್‌ಡಿವಿ ಸರಿಯಾಯಿತು. ಈಗ ಮಿನಿ ಡಿವಿಗೆ 768ಆ, 788ಆ?

ಕ್ಯಾಸೆಟ್ ಕಿಟ್ಟಿ: 768.

ಪಾಲ್ ಪಂಡಿತ: 788. ಕಿಟ್ಟಿ ಮಾತು ಕೇಳಬೇಡಿ.