ಮೊಲಾಸಿಸ್‌ನಲ್ಲಿ ಯೀಸ್ಟ್ ಬೆಳೆಸಿದೆ, ಬಣ್ಣ ಯಾಕೆ ಬರ್ತಿಲ್ಲ?

ಮಂಡ್ಯಹೈದ: ಎಂಎಸ್ಸಿ ಪ್ರಾಜೆಕ್ಟ್‌ಗೆ ಸಕ್ಕರೆ ಕಾರ್ಖಾನೆ ಮೊಲಾಸಿಸ್ (ಕಾಕಂಬಿ) ತಂದು ರೋಡೋಟೊರುಲಾ ಅನ್ನೋ ಬಣ್ಣದ ಯೀಸ್ಟ್ ಬೆಳೆಸ್ತಿದೀನಿ. ಪ್ಲೇಟಲ್ಲಿ ಒಳ್ಳೆ ಕೇಸರಿ ಬಣ್ಣ, ಫ್ಲಾಸ್ಕಿಗೆ ಹಾಕಿದ್ರೆ ಸಪ್ಪೆ, ಅಸಿಟೋನ್ ಹಾಕಿದ್ರೂ ಬಣ್ಣ ಬಿಡ್ತಿಲ್ಲ. ಸಾಕಾಗಿದೆ ಗುರು.

ಹುಳಿಹಿಟ್ಟು: ಎರಡು ಬೇರೆ ಬೇರೆ ಸಮಸ್ಯೆ ಇದು. ಆ ಕೇಸರಿ ಬಣ್ಣ, ಅಂದ್ರೆ ಕ್ಯಾರೋಟಿನಾಯ್ಡ್, ಕೋಶದ ಒಳಗೇ ಇರುತ್ತೆ, ಗೋಡೆ ಬೇರೆ ಗಟ್ಟಿ, ಗಾಜಿನ ಮಣಿ ಹಾಕಿ ಒಡೀರಿ ಇಲ್ಲಾ ಡಿಎಂಎಸ್‌ಒ ಅನ್ನೋ ದ್ರಾವಕ ಹಾಕಿ ಸ್ವಲ್ಪ ಬಿಸಿ ಮಾಡಿ ಆಮೇಲೆ ಅಸಿಟೋನ್. ಇನ್ನು ಫ್ಲಾಸ್ಕ್ ಎಷ್ಟು ತುಂಬಿಸ್ತೀರ? ಗಾಳಿ ಸಾಲದೆ ಇದ್ರೆ ಬಣ್ಣ ಬರಲ್ಲ, 250 ಎಂಎಲ್ ಫ್ಲಾಸ್ಕಿಗೆ 50 ಎಂಎಲ್ ಸಾಕು. ಮೊಲಾಸಿಸ್ ಅರ್ಧದಷ್ಟು ಸಕ್ಕರೇನೇ, ಚೆನ್ನಾಗಿ ನೀರು ಬೆರೆಸಿ.

ಮಜ್ಜಿಗೆಪ್ರಿಯ: ಡೈರಿ ವೇ ನೀರಲ್ಲಿ (ಹಾಲು ಒಡೆದಾಗ ಉಳಿಯೋ ನೀರು) ಆಗುತ್ತಾ? ಸುಮ್ನೆ ಚರಂಡಿಗೆ ಹೋಗುತ್ತೆ.

ಹುಳಿಹಿಟ್ಟು: ನೇರವಾಗಿ ಕಷ್ಟ, ರೋಡೋಟೊರುಲಾಗೆ ಸಾಮಾನ್ಯವಾಗಿ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಜೀರ್ಣ ಆಗಲ್ಲ. ಲ್ಯಾಕ್ಟೇಸ್ ಕಿಣ್ವ ಹಾಕಿ ಅದನ್ನ ಒಡೀಬೇಕು ಇಲ್ಲಾಂದ್ರೆ ಮೊಸರಿನ ಬ್ಯಾಕ್ಟೀರಿಯಾ ಜೊತೆ ಬೆಳೆಸ್ಬೇಕು.

ಕರಾವಳಿಮೀನು: ಆಸ್ಟಾಕ್ಸಾಂಥಿನ್ ಅನ್ನೋ ಕೆಂಪು ಕ್ಯಾರೋಟಿನಾಯ್ಡ್ ಬೇಕಂದ್ರೆ ಫಾಫಿಯಾ ಯೀಸ್ಟ್ ನೋಡಿ, ಸಾಕಿದ ಸಾಲ್ಮನ್ ಮೀನಿನ ಕೆಂಪಿಗೆ ಮೇವಲ್ಲಿ ಹಾಕೋದು ಆಸ್ಟಾಕ್ಸಾಂಥಿನ್ನೇ. ಆದ್ರೆ ಫಾಫಿಯಾಗೆ 20 ಡಿಗ್ರಿ ಆಸುಪಾಸು ತಂಪು ಬೇಕು, ನಮ್ಮೂರ ಸೆಖೆಗೆ ಕರೆಂಟ್ ಬಿಲ್ಲೇ ಕೆಂಪಾಗುತ್ತೆ 😄

ಮಂಡ್ಯಹೈದ: ಅಯ್ಯೋ, 200 ಎಂಎಲ್ ತುಂಬಿಸ್ತಿದ್ದೆ!