ಡೆಡ್‌ಲಿಫ್ಟ್ (ನೆಲದ ಮೇಲಿನ ತೂಕದ ಬಾರ್ ಎತ್ತುವ ವ್ಯಾಯಾಮ) ಮಾಡುವಾಗ ಮೂತ್ರ ಸೋರುತ್ತದೆ, ತೂಕ ಎತ್ತುವುದನ್ನೇ ಬಿಡಬೇಕಾ?

ಡೊಂಬಿವಲಿಯಿಂದ: ಹೆರಿಗೆಯಾಗಿ 8 ತಿಂಗಳು. 60 ಕೆಜಿ ದಾಟಿದರೆ ನಾಲ್ಕು ಹನಿ ಸೋರುತ್ತದೆ. ಕೀಗಲ್ (ಮೂತ್ರ ತಡೆಯುವ ಸ್ನಾಯು ಬಿಗಿಮಾಡಿ ಸಡಿಲಿಸುವ ವ್ಯಾಯಾಮ) ಸಾಕಾ?

ಪುಣೆ, ಕೊಥ್ರೂಡ್: ಎತ್ತುವುದು ಬಿಡಬೇಡಿ, ಬಾರ್‌ನ ತೂಕ ಇಳಿಸಿ. ಉಸಿರು ಬಿಗಿಹಿಡಿದು ಎತ್ತಿದರೆ ಹೊಟ್ಟೆಯೊಳಗಿನ ಒತ್ತಡ ಹೆಚ್ಚಿ ಶ್ರೋಣಿತಳದ (ಮೂತ್ರಕೋಶ, ಗರ್ಭಕೋಶವನ್ನು ಕೆಳಗಿನಿಂದ ಹೊತ್ತ ಸ್ನಾಯುಗಳ) ಮೇಲೆ ಬೀಳುತ್ತದೆ. ಸೋರದ ತೂಕಕ್ಕೆ, 45–50ಕ್ಕೆ, ಬನ್ನಿ. ಮೊದಲು ಈ ಶ್ರೋಣಿತಳದ ಸ್ನಾಯು ಮೇಲಕ್ಕೆಳೆದು ಬಿಗಿಮಾಡಿ, ಬಾರ್ ಏಳುವಾಗ ಉಸಿರು ಬಿಡಿ. ತೂಕ ಎತ್ತುವಾಗ ಸೊಂಟಕ್ಕೆ ಕಟ್ಟುವ ಬೆಲ್ಟ್ ಹಿಂಡುವಷ್ಟು ಬಿಗಿ ಬೇಡ. ವಾರಕ್ಕೆ 2.5 ಕೆಜಿ ಏರಿಸಿದರೆ ಧಾರಾಳ.

ಅಂಧೇರಿ: ಕೀಗಲ್ ಕನಿಷ್ಠ 8 ಸಲ, ದಿನಕ್ಕೆ 3 ಬಾರಿ, 3 ತಿಂಗಳು. ಪ್ರತಿ ಸಲ ಪೂರ್ತಿ ಸಡಿಲಿಸಿ. ಸ್ನಾಯು ಸದಾ ಬಿಗಿದಿದ್ದರೂ ಮೂತ್ರ ಸೋರಬಹುದು. ಮೂತ್ರ ನಡುವೆ ತಡೆದು ಅಭ್ಯಾಸ ಮಾಡಬೇಡಿ ಮಾರಾಯ್ರೆ!

ಕೊಥ್ರೂಡ್: ಯೋನಿಯಲ್ಲಿ ಭಾರ ಅಥವಾ ಉಬ್ಬು ಅನಿಸಿದರೆ ಜಿಮ್ ಟ್ರೇನರ್ ಅಲ್ಲ, ಸ್ತ್ರೀರೋಗ ತಜ್ಞರೇ ನೋಡಬೇಕು.