2008ರ ಮೋಟರ್‌ಹೋಮ್ ತಗೊಳ್ಳೋದಾ, 2022ರದ್ದಾ? ಬಲ್ಲವರು ಹೇಳಿ

ಪ್ರಶ್ನೆ – ಶಿಕಾಗೋ ಪಕ್ಕದಿಂದ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾನು, ನನ್ನವರು, 4 ಮತ್ತು 9 ವರ್ಷದ ಮಕ್ಕಳು. ಮೇ ತಿಂಗಳಲ್ಲಿ ಶಿವಮೊಗ್ಗದಿಂದ ಅತ್ತೆ ಮಾವ ಬರುತ್ತಿದ್ದಾರೆ, ಆರು ತಿಂಗಳು ಇರುತ್ತಾರೆ. ಯೆಲ್ಲೋಸ್ಟೋನ್, ಸ್ಮೋಕೀಸ್, ಸಾಧ್ಯವಾದರೆ ಗ್ಲೇಸಿಯರ್ ನ್ಯಾಷನಲ್ ಪಾರ್ಕ್ ಕೂಡ ತೋರಿಸಬೇಕು ಅಂತ ಆಸೆ. ಅತ್ತೆಗೆ ಹೊರಗಿನ ಊಟ ಎರಡು ದಿನಕ್ಕಿಂತ ಜಾಸ್ತಿ ಆಗುವುದಿಲ್ಲ, ಎಲ್ಲಿ ಹೋದರೂ ಅನ್ನ ಸಾರು ಬೇಕು, ಜೊತೆಗೆ ಮಾವನಿಗೆ ಗಂಟೆಗೊಮ್ಮೆ ಬಾತ್‌ರೂಮ್. ಹಾಗಾಗಿ ಅಡುಗೆಮನೆ, ಬಾತ್‌ರೂಮ್, ಹಾಸಿಗೆ ಎಲ್ಲ ಒಳಗೇ ಇರುವ ಒಂದು ಆರ್‌ವಿ (ಮೋಟರ್‌ಹೋಮ್) ತಗೊಂಡೇ ಬಿಡೋಣ ಅಂತ ಹೊರಟಿದ್ದೇವೆ.

ಎರಡು ಗಾಡಿ ನೋಡಿಟ್ಟಿದ್ದೇವೆ. ಎರಡೂ ಕ್ಲಾಸ್ ಸಿ (ಡ್ರೈವರ್ ತಲೆ ಮೇಲೂ ಹಾಸಿಗೆ ಇರುವ ಬಗೆ), ಎರಡೂ ಫೋರ್ಡ್ ಇ-450 ವ್ಯಾನಿನ ಚಾಸಿ ಮೇಲೆ ಕಟ್ಟಿದ್ದು, 28 ಅಡಿ ಆಸುಪಾಸು. ಒಂದು 2008ರದ್ದು, 41 ಸಾವಿರ ಮೈಲಿ ಓಡಿದೆ, ವಯಸ್ಸಾದ ದಂಪತಿ ಮಾರುತ್ತಿದ್ದಾರೆ, 27 ಸಾವಿರ ಡಾಲರ್. ಇನ್ನೊಂದು 2022ರದ್ದು, 18 ಸಾವಿರ ಮೈಲಿ, ಡೀಲರ್ ಹತ್ತಿರ 84 ಸಾವಿರ. 20% ಕೈಯಿಂದ ಹಾಕಿದರೆ ಉಳಿದದ್ದಕ್ಕೆ 8% ಬಡ್ಡಿಗೆ 15 ವರ್ಷದ ಸಾಲ ಕೊಡಿಸುತ್ತಾರಂತೆ. ನನ್ನವರು ಹಳೆಯದರ ಕಡೆ, ನಾನು ಹೊಸದರ ಕಡೆ. ಮೊಂಟಾನಾದ ನಡುವೆ ಎಲ್ಲೋ ಗಾಡಿ ಕೈಕೊಟ್ಟರೆ ಅತ್ತೆ ಮಾವನನ್ನು ಇಟ್ಟುಕೊಂಡು ಏನು ಮಾಡೋದು ಅನ್ನೋದು ನನ್ನ ಭಯ. ಯಾವುದು ಸರಿ?

ಉತ್ತರ – ಆರ್‌ವಿ ಇನ್ಸ್‌ಪೆಕ್ಟರ್, ಇಂಡಿಯಾನಾ

ಮೊದಲು ನನ್ನ ಬಗ್ಗೆ ಒಂದು ಮಾತು. ಎಲ್ಕಾರ್ಟ್ ಸುತ್ತಮುತ್ತ, ಅಂದರೆ ಈ ದೇಶದ ಬಹುಪಾಲು ಆರ್‌ವಿ ತಯಾರಾಗುವ ಜಾಗದಲ್ಲಿ, ಕೆಲವು ವರ್ಷ ಕಾರ್ಖಾನೆಯಲ್ಲಿ ಕೆಲಸ ಮಾಡಿದೆ. ಈಗ ಕೊಳ್ಳುವವರ ಪರವಾಗಿ ಗಾಡಿ ಪರೀಕ್ಷೆ ಮಾಡುತ್ತೇನೆ. ಮಾರಾಟ ಮಾಡುವುದಿಲ್ಲ, ಕಮಿಷನ್ ಇಲ್ಲ, ಹಾಗಾಗಿ ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನೀವು ಇಬ್ಬರೂ ವರ್ಷ ನೋಡುತ್ತಿದ್ದೀರಿ. ನಾನು ನೀರು ನೋಡುತ್ತೇನೆ. ಮೋಟರ್‌ಹೋಮ್ ಅಂದರೆ ಒಂದು ಲಾರಿ, ಅದರ ಬೆನ್ನ ಮೇಲೆ ಒಂದು ಮನೆ. ಲಾರಿ ಸಾಯುವುದಿಲ್ಲ. ಆ 2008ರದ್ದರಲ್ಲಿ 6.8 ಲೀಟರ್ ವಿ10 ಇಂಜಿನ್ ಇರಬೇಕು, 41 ಸಾವಿರ ಮೈಲಿ ಅದಕ್ಕೆ ಏನೇನೂ ಅಲ್ಲ. ಸಾಯುವುದು ಮನೆ. ಅಲ್ಯೂಮಿನಿಯಂ ಇಲ್ಲವೇ ಮರದ ಚೌಕಟ್ಟು, ನಡುವೆ ಥರ್ಮಾಕೋಲಿನಂಥ ಫೋಮ್, ಒಳಗಡೆ ತೆಳು ಪ್ಲೈವುಡ್, ಹೊರಗೆ ಫೈಬರ್‌ಗ್ಲಾಸ್, ಎಲ್ಲ ಅಂಟಿನಲ್ಲಿ ನಿಂತಿದೆ. ಚಾವಣಿ ಎಷ್ಟೋ ಗಾಡಿಗಳಲ್ಲಿ ರಬ್ಬರ್ ಹಾಳೆ. ಫ್ಯಾನು, ಎಸಿ, ಆಂಟೆನಾ ಅಂತ ಅದಕ್ಕೆ ಹತ್ತು ಕಡೆ ತೂತು ಕೊರೆದು ಸುತ್ತ ನೀರು ಸೋರದಂತೆ ಸೀಲಂಟ್ ಅನ್ನುವ ಅಂಟು ಬಳಿದಿರುತ್ತಾರೆ. ಆ ಸೀಲಂಟ್ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ಮಲೆನಾಡಿನಲ್ಲಿ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುತ್ತಾರಲ್ಲ, ನಿಮ್ಮ ಮಾವನನ್ನು ಕೇಳಿ, ಇದೂ ಅದೇ ಕೆಲಸ. ವರ್ಷಕ್ಕೆ ಎರಡು ಸಲ ಯಾರಾದರೂ ಮೇಲೆ ಹತ್ತಿ ನೋಡಿ ತೇಪೆ ಹಾಕಬೇಕು. ವ್ಯತ್ಯಾಸ ಏನೆಂದರೆ ಹಂಚು ಒಡೆದರೆ ನೀರು ತಲೆ ಮೇಲೆ ಬಿದ್ದು ಹೇಳುತ್ತದೆ. ಇಲ್ಲಿ ಎರಡು ವರ್ಷ ಗೋಡೆಯೊಳಗೆ ಸುಮ್ನೆ ಇಳಿದು, ಪ್ಲೈವುಡ್ ಕೊಳೆತ ಮೇಲೆ ನಿಮಗೆ ಗೊತ್ತಾಗುತ್ತದೆ.

ಹಾಗಾಗಿ ಆ ದಂಪತಿಗೆ ಮೈಲಿ ಕೇಳಬೇಡಿ. "ಚಾವಣಿ ಸೀಲ್ ಕೊನೆಯ ಸಲ ಯಾವಾಗ ಮಾಡಿಸಿದಿರಿ, ರಸೀದಿ ಇದೆಯಾ, ಶೆಡ್‌ನಲ್ಲಿ ನಿಲ್ಲಿಸಿದ್ದಿರಾ ಬಯಲಲ್ಲಾ" ಅಂತ ಕೇಳಿ. ಒಣಗಿದ 2008 ಸಿಕ್ಕರೆ ಒದ್ದೆ 2022ಕ್ಕಿಂತ ಸಾವಿರ ಪಾಲು ವಾಸಿ.

ವರ್ಷಕ್ಕೆ ಎಷ್ಟು ರಾತ್ರಿ ಮಲಗುತ್ತೀರಿ ಅದರಲ್ಲಿ? ಅದು ಹೇಳದೆ ದುಡ್ಡಿನ ಲೆಕ್ಕ ಆಗುವುದಿಲ್ಲ.

ಕೇಳಿದವರು

ಈ ವರ್ಷ 35, 40 ಆಗಬಹುದು. ಆಮೇಲೆ ಮಕ್ಕಳ ರಜೆ ನೋಡಿಕೊಂಡು 15.

ಇನ್ಸ್‌ಪೆಕ್ಟರ್

ಸರಿ, ಹಾಗಾದರೆ ಲೆಕ್ಕ ಹಾಕೋಣ. 84 ಸಾವಿರದಲ್ಲಿ 20% ಕಳೆದರೆ 67,200 ಸಾಲ. 8%ಗೆ 15 ವರ್ಷ ಅಂದರೆ ತಿಂಗಳಿಗೆ ಸುಮಾರು 642 ಡಾಲರ್. ಮೊದಲ ಕಂತಿನಲ್ಲಿ 448 ಬರೀ ಬಡ್ಡಿಗೆ ಹೋಗುತ್ತದೆ. ಕೊನೆಗೆ ಕಟ್ಟಿದ್ದು 1,15,000ಕ್ಕೂ ಮೇಲೆ. ಅಷ್ಟರಲ್ಲಿ ಗಾಡಿ ಬೆಲೆ ಇಳಿಯುತ್ತಲೇ ಇರುತ್ತದೆ, ಮೂರು ವರ್ಷಕ್ಕೆ ಮಾರಲು ಹೋದರೆ ಗಾಡಿಯ ಬೆಲೆಗಿಂತ ಸಾಲವೇ ಜಾಸ್ತಿ ಇರಬಹುದು. ವರ್ಷಕ್ಕೆ 15 ರಾತ್ರಿಗೆ ಇದು ಬೇಕಾ?

ಇನ್ನೊಂದು. 2022ರದ್ದು ನಿಮಗೆ ಹೊಸದು, ವಾರಂಟಿಗೆ ಅಲ್ಲ. ಮನೆ ಭಾಗಕ್ಕೆ ಸಾಮಾನ್ಯವಾಗಿ ಒಂದೇ ವರ್ಷ ಇರುತ್ತದೆ, ಅದು ಮುಗಿದಿದೆ. ಫೋರ್ಡ್‌ನದ್ದು ಗಾಡಿಗೆ 3 ವರ್ಷ ಅಥವಾ 36 ಸಾವಿರ ಮೈಲಿ, ಇಂಜಿನ್ ಗೇರ್‌ಬಾಕ್ಸ್‌ಗೆ 5 ವರ್ಷ ಅಥವಾ 60 ಸಾವಿರ. ಲೆಕ್ಕ ಮೊದಲು ಮಾರಾಟವಾದ ದಿನದಿಂದ ಶುರು, ನೀವು ಕೊಂಡ ದಿನದಿಂದಲ್ಲ. ಡೀಲರ್ ಹತ್ತಿರ ಆ ದಿನಾಂಕ ಬರಹದಲ್ಲಿ ಕೇಳಿ.

ಟೆಕ್ಸಸ್‌ನಿಂದ ಒಬ್ಬರು

ನಡುವೆ ಬಾಯಿ ಹಾಕುತ್ತಿದ್ದೇನೆ. ನಾವು 2021ರಲ್ಲಿ ಹೊಚ್ಚಹೊಸದು ತಗೊಂಡೆವು. ಪೂಜೆ ಮಾಡಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಮನೆಗೆ ತಂದ ಮೂರನೇ ದಿನ ಸ್ಲೈಡ್ ಔಟ್, ಅಂದರೆ ಒಳಗೆ ಜಾಗ ಹೆಚ್ಚಿಸಲು ಹೊರಕ್ಕೆ ಚಾಚುವ ಗೋಡೆ, ಅರ್ಧಕ್ಕೇ ನಿಂತುಬಿಟ್ಟಿತು. ಸಿಂಕಿನ ಕೆಳಗೆ ಪೈಪಿನ ಕ್ಲಾಂಪೇ ಹಾಕಿರಲಿಲ್ಲ. ಆ ಬೇಸಿಗೆಯಲ್ಲಿ ಹನ್ನೊಂದು ವಾರ ಗಾಡಿ ಸರ್ವಿಸ್ ಅಂಗಳದಲ್ಲಿ, ಕಂತು ಮಾತ್ರ ನಮ್ಮ ಖಾತೆಯಿಂದ ತಪ್ಪದೆ ಹೋಗುತ್ತಿತ್ತು. ಹೊಸದು ಅಂದರೆ ತೊಂದರೆ ಇಲ್ಲ ಅಂತ ದಯವಿಟ್ಟು ನಂಬಬೇಡಿ.

ಇನ್ಸ್‌ಪೆಕ್ಟರ್

ಇದು ಒಬ್ಬರ ಕಥೆ ಅಲ್ಲ. ಕೋವಿಡ್ ಸಮಯದಲ್ಲಿ ಎಲ್ಲರಿಗೂ ಒಮ್ಮೆಲೇ ಆರ್‌ವಿ ಬೇಕಾಯಿತು. 2021ರಲ್ಲಿ ಟ್ರೇಲರ್‌ಗಳೂ ಸೇರಿ 6 ಲಕ್ಷ ಆರ್‌ವಿ ಕಾರ್ಖಾನೆಗಳಿಂದ ಹೊರಬಿದ್ದವು, ಅದು ದಾಖಲೆ. 2023ಕ್ಕೆ ಆ ಸಂಖ್ಯೆ 3 ಲಕ್ಷದ ಸ್ವಲ್ಪ ಮೇಲಕ್ಕೆ ಇಳಿಯಿತು. ಬೇಡಿಕೆ ಹಾಗೆ ಇದ್ದಾಗ ಹೊಸ ಕೈಗಳು ಬರುತ್ತವೆ, ಬೇಕಾದ ಬಿಡಿಭಾಗ ಸಿಗದೆ ಸಿಕ್ಕಿದ್ದನ್ನು ಹಾಕುತ್ತಾರೆ, ತಪಾಸಣೆ ಅವಸರದಲ್ಲಿ ನಡೆಯುತ್ತದೆ. ಆ ವರ್ಷಗಳ ಎಲ್ಲ ಗಾಡಿಯೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ಚೆನ್ನಾಗಿರುವುದನ್ನೂ ಎಷ್ಟೋ ನೋಡಿದ್ದೇನೆ. ಆದರೆ 2021, 2022ರ ಗಾಡಿಗೆ ಪರೀಕ್ಷೆ ಇಲ್ಲದೆ ಸಹಿ ಹಾಕಬೇಡಿ. ಗಾಡಿಯ ಗುರುತಿನ ಸಂಖ್ಯೆ (ವಿನ್ ನಂಬರ್) ಹಾಕಿ, ಸರ್ಕಾರದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ರೀಕಾಲ್, ಅಂದರೆ ತಯಾರಕರು ವಾಪಸ್ ಕರೆದು ಸರಿ ಮಾಡಬೇಕಾದ ದೋಷ, ಏನಾದರೂ ಬಾಕಿ ಇದೆಯಾ ನೋಡಿ, ಹಾಗೆ ನೋಡೋಕೆ ದುಡ್ಡು ಕೊಡಬೇಕಿಲ್ಲ.

ಕೇಳಿದವರು

ಅಂದರೆ ನನ್ನವರು ಗೆದ್ದರು ಅಂತಾಯಿತಾ? ಈಗಲೇ ಮುಖದಲ್ಲಿ ಕಳೆ ಬಂದಿದೆ.

ಇನ್ಸ್‌ಪೆಕ್ಟರ್

ಕಳೆ ಇಳಿಸುತ್ತೇನೆ ಇರಿ. 27 ಸಾವಿರ ಅನ್ನೋದು ಬಾಗಿಲಿನ ಬೆಲೆ. ಹಳೇ ಗಾಡಿಗೆ ಅದರ ಮೇಲೆ ಎಂಟು ಹತ್ತು ಸಾವಿರ ಪಕ್ಕಕ್ಕೆ ಎತ್ತಿಡದವರು ಅದರ ತಂಟೆಗೇ ಹೋಗಬಾರದು. ಎಲ್ಲಿ ಹೋಗುತ್ತದೆ ಅಂತೀರಾ? ಟೈರ್‌ನಿಂದ ಶುರು ಮಾಡಿ. ಟೈರಿನ ಗೀರು ಸವೆಯದೆ ಚೆನ್ನಾಗಿ ಕಾಣುತ್ತದೆ, ಸುತ್ತಲೂ ಕಪ್ಪಗೆ ಹೊಳೆಯುತ್ತದೆ, ಮಾಲೀಕ "ಹೊಸದರ ಹಾಗೇ ಇದೆ" ಅನ್ನುತ್ತಾನೆ. ನೀವು ಬಗ್ಗಿ ಟೈರಿನ ಪಕ್ಕದಲ್ಲಿ DOT (ಡಿಒಟಿ) ಅಂತ ಬರೆದ ಕಡೆ ಕೊನೆಯ ನಾಲ್ಕು ಅಂಕಿ ಓದಿ. 2316 ಅಂದರೆ 2016ರ 23ನೇ ವಾರ. ಆರ್‌ವಿ ಟೈರ್ ಸವೆದು ಸಾಯುವುದಕ್ಕಿಂತ ನಿಂತು ನಿಂತು ಸಾಯುವುದೇ ಜಾಸ್ತಿ, ಆರೇಳು ವರ್ಷ ದಾಟಿದ್ದರೆ ಬದಲಿಸಬೇಕು. ಇ-450ಗೆ ಹಿಂದೆ ಜೋಡಿ ಚಕ್ರ, ಒಟ್ಟು ಆರು. ಹೆದ್ದಾರಿಯಲ್ಲಿ ಒಳಗಿನ ಟೈರ್ ಸಿಡಿದರೆ ಗಾಡಿಯ ನೆಲವನ್ನೇ ಹರಿದುಕೊಂಡು ಬರುತ್ತದೆ, ಹಾಗಾಗಿ ಇಲ್ಲಿ ಜಿಪುಣತನ ಬೇಡ.

ಆಮೇಲೆ ಜನರೇಟರ್. ಅದಕ್ಕೆ ಗಂಟೆ ತೋರಿಸುವ ಮೀಟರ್ ಇರುತ್ತದೆ. ಇಷ್ಟು ವರ್ಷಕ್ಕೆ ಬರೀ 90 ಗಂಟೆ ಅಂತ ತೋರಿಸಿದರೆ ಖುಷಿ ಪಡಬೇಡಿ. ತಿಂಗಳಿಗೊಮ್ಮೆ ಎಸಿ ಹಾಕಿ ಓಡಿಸಬೇಕಾದ ಯಂತ್ರ ಅದು, ಸುಮ್ನೆ ಕೂತರೆ ಹಳೇ ಪೆಟ್ರೋಲ್ ಕಾರ್ಬ್ಯುರೇಟರ್‌ನಲ್ಲಿ ಗೋಂದಾಗುತ್ತದೆ. ಯೆಲ್ಲೋಸ್ಟೋನ್ ಒಳಗೆ ಫಿಶಿಂಗ್ ಬ್ರಿಡ್ಜ್ ಒಂದೇ ಕಡೆ ಪೂರ್ತಿ ಕರೆಂಟು, ನೀರು, ಚರಂಡಿ ಸಂಪರ್ಕ. ಬೇರೆ ಕಡೆ ಮಿಕ್ಸಿಯಲ್ಲಿ ಚಟ್ನಿ ಆಗಬೇಕಾದರೆ ಈ ಜನರೇಟರ್ರೇ ಗತಿ, ಅದೂ ಅನುಮತಿ ಇರುವ ಹೊತ್ತಿನಲ್ಲಿ ಮಾತ್ರ. ಟ್ಯಾಂಕಿನಲ್ಲಿ ಪೆಟ್ರೋಲ್ ಕಾಲು ಭಾಗಕ್ಕೆ ಇಳಿದರೆ ಅದು ತಾನೇ ನಿಂತುಹೋಗುತ್ತದೆ. ಕೆಟ್ಟಿದೆ ಅಂತ ಗಾಬರಿ ಬೀಳಬೇಡಿ, ಗಾಡಿ ಓಡಿಸೋಕೆ ಪೆಟ್ರೋಲ್ ಉಳಿಯಲಿ ಅಂತ ಹಾಗೆ ಮಾಡಿರುತ್ತಾರೆ.

ಫ್ರಿಜ್ ಅಮೋನಿಯಾದಲ್ಲಿ ಓಡುವ ಹಳೇ ಕಾಲದ್ದೇ ಇರಬಹುದು. ಗ್ಯಾಸಿನಲ್ಲೂ ತಣ್ಣಗಾಗುತ್ತದೆ, ಅದು ಅನುಕೂಲ, ಆದರೆ ಗಾಡಿ ಸಮತಟ್ಟಾಗಿ ನಿಂತಿರಬೇಕು. ಹಿಂದೆ ಹಳದಿ ಪುಡಿ ಕಂಡರೆ ಅದರ ಕಥೆ ಮುಗಿದಿದೆ ಅಂತ. ನೋಡಲು ಹೋಗುವ ಹಿಂದಿನ ರಾತ್ರಿಯೇ ಆನ್ ಮಾಡಿಡಲು ಹೇಳಿ, ಒಂದು ಗಂಟೆಯಲ್ಲಿ ಅದು ತಣ್ಣಗಾಗುವುದಿಲ್ಲ. ಗ್ಯಾಸ್ ಸೋರಿಕೆ ಅಲಾರಂ ಮೇಲೂ ದಿನಾಂಕ ಇರುತ್ತದೆ, ಮುಗಿದಿದ್ದರೆ ಹೊಸದು ಹಾಕಿಸಿ.

ನ್ಯೂಜೆರ್ಸಿಯಿಂದ ಒಬ್ಬರು

ಹತ್ತು ವರ್ಷ ದಾಟಿದ ಗಾಡಿಗೆ ಕ್ಯಾಂಪಿಂಗ್ ಜಾಗದಲ್ಲಿ ಒಳಗೇ ಬಿಡಲ್ಲ ಅಂತಾರಲ್ಲ?

ಇನ್ಸ್‌ಪೆಕ್ಟರ್

ಕೆಲವು ಖಾಸಗಿ ರೆಸಾರ್ಟ್‌ಗಳಲ್ಲಿ ಆ ನಿಯಮ ಇದೆ, ಅಲ್ಲೂ ಫೋಟೋ ಕಳಿಸಿದರೆ ಒಪ್ಪುವವರಿದ್ದಾರೆ. ನ್ಯಾಷನಲ್ ಪಾರ್ಕ್‌ಗಳಲ್ಲಿ ವಯಸ್ಸು ಕೇಳುವುದಿಲ್ಲ, ಉದ್ದ ಕೇಳುತ್ತಾರೆ. ಗ್ಲೇಸಿಯರ್‌ನ ಗೋಯಿಂಗ್ ಟು ದಿ ಸನ್ ರಸ್ತೆಯಲ್ಲಿ ಅವಲಾಂಚ್‌ನಿಂದ ರೈಸಿಂಗ್ ಸನ್ ತನಕ 21 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ. 2008 ಆದರೂ ಅಷ್ಟೇ, 2022 ಆದರೂ ಅಷ್ಟೇ, ನಿಮ್ಮ 28 ಅಡಿ ಕೆಳಗೇ ನಿಲ್ಲಬೇಕು.

ಕೇಳಿದವರು

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಇನ್ನೊಂದು ಪ್ರಶ್ನೆ. ಎರಡರಲ್ಲೂ ಆರು ಜನ ಮಲಗಬಹುದು ಅಂತ ಬರೆದಿದೆ. ಮೂರು ಹಾಸಿಗೆ. ಅತ್ತೆಗೆ ಮಂಡಿ ನೋವು, ಅವರಿಗೆ ಹಿಂದಿನ ಹಾಸಿಗೆ. ಅಷ್ಟು ಸಾಕಲ್ವಾ?

ಇನ್ಸ್‌ಪೆಕ್ಟರ್

ಮಲಗುವುದು ಬೇರೆ, ಕೂರುವುದು ಬೇರೆ. ಹಾಸಿಗೆ ಎಣಿಸಬೇಡಿ, ಸೀಟ್ ಬೆಲ್ಟ್ ಎಣಿಸಿ. ಮುಂದೆ ಇಬ್ಬರು. ಉಳಿದ ನಾಲ್ವರು ಊಟದ ಮೇಜಿನ ಎರಡೂ ಬದಿ. ಅದರಲ್ಲಿ ಎರಡು ಸೀಟು ಮಾತ್ರ ಮುಂದಕ್ಕೆ ಮುಖ ಮಾಡಿರುತ್ತವೆ. 4 ವರ್ಷದ ಮಗುವಿನ ಕಾರ್ ಸೀಟ್ ಅಡ್ಡಡ್ಡ ಇರುವ ಸೋಫಾಗೂ ಹಾಕುವಂತಿಲ್ಲ, ಹಿಂದಕ್ಕೆ ಮುಖ ಮಾಡಿದ ಸೀಟಿಗೂ ಹಾಕುವಂತಿಲ್ಲ. ಹಾಗಾದರೆ ಮಕ್ಕಳು ಮುಂದಕ್ಕೆ, ಅತ್ತೆ ಮಾವ ಹಿಮ್ಮುಖವಾಗಿ 1,400 ಮೈಲಿ. ಹಿಮ್ಮುಖ ಕೂತರೆ ಅವರಿಗೆ ವಾಂತಿ ಬರುತ್ತದಾ, ಕೇಳಿದ್ದೀರಾ?

ಬೆಲ್ಟ್ ಎಳೆದು ಅದರ ಬುಡ ಎಲ್ಲಿ ಕೂತಿದೆ ನೋಡಿ. ಉಕ್ಕಿನ ಚೌಕಟ್ಟಿಗೆ ಬೋಲ್ಟ್ ಆಗಿದ್ದರೆ ಸರಿ. ಮೇಜಿನ ಪೆಟ್ಟಿಗೆಯ ಮರಕ್ಕೆ ಬಿಗಿದಿದ್ದರೆ ಆ ಗಾಡಿಯಲ್ಲಿ ನನ್ನ ಮಗುವನ್ನು ನಾನು ಕೂರಿಸುವುದಿಲ್ಲ. ಈ ಒಂದು ವಿಷಯದಲ್ಲಿ ಹೊಸದಕ್ಕೆ ನನ್ನ ಓಟು ಜಾಸ್ತಿ, ನೀವು ಭಯ ಪಟ್ಟಿದ್ದು ತಪ್ಪಲ್ಲ, ಭಯ ಪಟ್ಟ ಜಾಗ ಬೇರೆ ಅಷ್ಟೇ. ಒಬ್ಬರು ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹಿಂದೆ ಬರುವುದು ಎಷ್ಟೋ ಕುಟುಂಬ ಮಾಡುವ ಉಪಾಯ. ಗ್ಲೇಸಿಯರ್ ಬೆಟ್ಟಕ್ಕೂ ಆ ಕಾರೇ ಆಗುತ್ತದೆ.

ಕೇಳಿದವರು – ನಾಲ್ಕು ದಿನದ ಮೇಲೆ

2008ರದ್ದು ನೋಡಿ ಬಂದೆವು. ತುಂಬ ಒಳ್ಳೆಯ ಜನ, ಕಾಫಿ ಕೊಟ್ಟರು, ಎಲ್ಲ ರಸೀದಿ ಫೈಲ್ ಮಾಡಿಟ್ಟಿದ್ದಾರೆ. ಟೈರ್ 2022ರದ್ದು. ಜನರೇಟರ್ ಮೊದಲ ಸಲಕ್ಕೇ ಶುರುವಾಯಿತು. ಚಾವಣಿ ಸೀಲ್ ರಸೀದಿ ಮಾತ್ರ 2019ಕ್ಕೆ ನಿಂತಿದೆ. ಅಲ್ಲಿಂದ ಅವರಿಗೆ ಮೇಲೆ ಹತ್ತಲು ಆಗಿಲ್ಲವಂತೆ. ಡ್ರೈವರ್ ತಲೆ ಮೇಲಿನ ಹಾಸಿಗೆ ಇದೆಯಲ್ಲ, ಅದರ ಎಡ ಮೂಲೆಯಲ್ಲಿ ಗೋಡೆ ಒತ್ತಿದರೆ ಸ್ವಲ್ಪ ಮೆತ್ತಗೆ. ಒಳಗೆ ಹೋದ ಕೂಡಲೇ ಲ್ಯಾವೆಂಡರ್ ವಾಸನೆ ಜೋರಾಗಿತ್ತು. ನನ್ನವರು ಅದು ಏನೂ ಅಲ್ಲ ಅಂತಾರೆ.

ಇನ್ಸ್‌ಪೆಕ್ಟರ್

ಕ್ಲಾಸ್ ಸಿಯಲ್ಲಿ ನೀರು ಮೊದಲು ನುಗ್ಗುವುದೇ ಆ ಮೂಲೆಯಲ್ಲಿ. ಓಡುವಾಗ ಗಾಳಿ ಮಳೆ ಎಲ್ಲ ಅಲ್ಲೇ ಬಡಿಯುತ್ತದೆ. ಲ್ಯಾವೆಂಡರ್ ಯಾಕೆ ಇಟ್ಟಿದ್ದಾರೆ ಅಂತ ನಾನು ಹೇಳಬೇಕಾಗಿಲ್ಲ. ಆ ದಂಪತಿ ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ, ಅವರಿಗೇ ಗೊತ್ತಿಲ್ಲದಿರಬಹುದು.

ಇನ್ನೂ ಕೈ ಬಿಡಬೇಡಿ. ಉಳಿದದ್ದೆಲ್ಲ ಇಷ್ಟು ಚೆನ್ನಾಗಿ ಇಟ್ಟುಕೊಂಡ ಗಾಡಿ ಅಪರೂಪ. ನಿಮ್ಮ ಕಡೆಯ ಸ್ವತಂತ್ರ ಇನ್ಸ್‌ಪೆಕ್ಟರ್ ಒಬ್ಬರನ್ನು ಗೊತ್ತು ಮಾಡಿ, ಮಾರುವವರು ಹೇಳಿದವರು ಬೇಡ. ತೇವ ಅಳೆಯುವ ಮೀಟರ್ ಇಟ್ಟು ಆ ಮೂಲೆಯಿಂದ ಹಾಸಿಗೆಯ ಕೆಳಗಿನ ತನಕ ನೋಡಲಿ. ಮೂಲೆಯಲ್ಲಿ ಅಂಗೈ ಅಗಲ ಒದ್ದೆ ಇದ್ದರೆ ರಿಪೇರಿ ಅಂದಾಜು ಬರೆಸಿ ಬೆಲೆಯಲ್ಲಿ ಕಳೆಯಿರಿ. ತೇವ ಮುಂದಿನ ಚೌಕಟ್ಟಿಗೆ ಇಳಿದಿದ್ದರೆ ಕಾಫಿಗೆ ಥ್ಯಾಂಕ್ಸ್ ಹೇಳಿ ಮನೆಗೆ ಬನ್ನಿ. ಚಳಿಗಾಲಕ್ಕೆ ಹೆಪ್ಪುಗಟ್ಟದಿರಲಿ ಅಂತ ಪೈಪಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ದ್ರವ ತುಂಬಿಟ್ಟಿದ್ದರೆ ಅದನ್ನು ತೆಗೆಸಿ, ನೀರು ಬಿಟ್ಟು ನೋಡುವ ತನಕ ಪೂರ್ತಿ ದುಡ್ಡು ಕೊಡಬೇಡಿ.

ಎರಡೂ ಆಗಲಿಲ್ಲ ಅಂದರೆ 2015ರಿಂದ 2019ರ ನಡುವಿನದ್ದು ಹುಡುಕಿ. ಬೆಲೆಯ ದೊಡ್ಡ ಇಳಿತ ಮುಗಿದಿರುತ್ತದೆ, ಕಾರ್ಖಾನೆಯ ತಪ್ಪುಗಳನ್ನು ಮೊದಲ ಮಾಲೀಕ ಬೈದುಕೊಂಡು ಸರಿ ಮಾಡಿಸಿರುತ್ತಾನೆ. ಮೇ ತಿಂಗಳೊಳಗೆ ಸಿಗದಿದ್ದರೆ ಈ ವರ್ಷ ಯೆಲ್ಲೋಸ್ಟೋನ್‌ಗೆ ಬಾಡಿಗೆಗೆ ತಗೊಳ್ಳಿ. ಹಿಮ್ಮುಖ ಸೀಟಿನ ವಿಷಯವೂ ಗೊತ್ತಾಗಿಬಿಡುತ್ತದೆ.

ಕೇಳಿದವರು

ಶನಿವಾರಕ್ಕೆ ಇನ್ಸ್‌ಪೆಕ್ಟರ್ ಗೊತ್ತಾಗಿದ್ದಾರೆ, 700 ಡಾಲರ್. ಮಾವನಿಗೆ ಫೋನಲ್ಲಿ ಹೇಳಿದೆ, "ಐದಾರು ವರ್ಷದಿಂದ ಮಾಡು ಹತ್ತಿಲ್ಲವಾ?" ಅಂತ ಒಂದೇ ಪ್ರಶ್ನೆ ಕೇಳಿ ಸುಮ್ಮನಾದರು. ನನ್ನವರಿಗೆ ಇನ್ನೂ ಅದೇ ಬೇಕು.

ಇನ್ಸ್‌ಪೆಕ್ಟರ್

ಶನಿವಾರ ನಿಮ್ಮವರನ್ನೂ ಏಣಿ ಹತ್ತಿಸಿ. ಸೀಲಂಟ್ ಬಿರುಕಿನಲ್ಲಿ ಉಗುರು ಹಾಕಿ ನೋಡಲಿ. ಫೋಟೋ ಇಲ್ಲಿ ಹಾಕಿ.